ನಿಮಗಿದು ಗೊತ್ತೇ? ಅಣುಸ್ಥಾವರ ಕೈಕೊಟ್ಟಾಗ ದೇಶಗಳು ಏನು ಮಾಡಿದವು

● 2023ರ ಡಿಸೆಂಬರ್ 2ರಂದು ದುಬೈ ಹವಾಮಾನ ಸಮ್ಮೇಳನದಲ್ಲಿ 22 ದೇಶಗಳು ಒಂದು ಘೋಷಣೆ ಹೊರಡಿಸಿದವು: 2050ರೊಳಗೆ ಜಗತ್ತಿನ ಅಣು ವಿದ್ಯುತ್ ಸಾಮರ್ಥ್ಯ ಮೂರು ಪಟ್ಟಾಗಬೇಕು. ಆ ಪಟ್ಟಿಯಲ್ಲಿ ಯಾರ‍್ಯಾರಿದ್ದರು ನೋಡಿ. 1952ರಲ್ಲೇ ರಿಯಾಕ್ಟರ್ ಅಪಘಾತ ಕಂಡ ಕೆನಡಾ, ವಿಂಡ್‌ಸ್ಕೇಲ್ ಬೆಂಕಿಯ ಬ್ರಿಟನ್, ತ್ರೀ ಮೈಲ್ ಐಲ್ಯಾಂಡ್‌ನ ಅಮೆರಿಕ, ಚೆರ್ನೋಬಿಲ್‌ನ ಉಕ್ರೇನ್, ಫುಕುಶಿಮಾದ ಜಪಾನ್. ಇಂಥ ಅಪಘಾತ ತನ್ನ ನೆಲದಲ್ಲಿ ಒಂದೂ ಆಗದ ಜರ್ಮನಿ ಅದೇ ವರ್ಷದ ಏಪ್ರಿಲ್ 15ರಂದು ತನ್ನ ಕೊನೆಯ ಮೂರು ರಿಯಾಕ್ಟರುಗಳನ್ನು ನಿಲ್ಲಿಸಿತ್ತು. ಪೆಟ್ಟು ತಿಂದವರು ಮುಂದುವರಿದರು, ನೋಡಿದವರು ಹಿಂದೆ ಸರಿದರು.

ಅಪಘಾತ ಎಷ್ಟು ದೊಡ್ಡದು ಎಂಬುದಕ್ಕೂ ಅದರಿಂದ ನೀತಿ ಎಷ್ಟು ಬದಲಾಯಿತು ಎಂಬುದಕ್ಕೂ ನೇರ ಲೆಕ್ಕ ಕೂಡುವುದಿಲ್ಲ. ದೇಶದ ಕೈಯಲ್ಲಿ ಬೇರೆ ಇಂಧನ ಏನಿದೆ, ಬೊಕ್ಕಸದಲ್ಲಿ ಹಣ ಎಷ್ಟಿದೆ, ಅಧಿಕಾರಿಗಳು ಹೇಳಿದ್ದನ್ನು ಜನ ನಂಬುತ್ತಾರೆಯೇ ಎಂಬುದರ ಮೇಲೆ ತೀರ್ಮಾನ ನಿಂತಿರುತ್ತದೆ. ಈ ಮೂರರಲ್ಲಿ ನಂಬಿಕೆಯೇ ಎಲ್ಲಕ್ಕಿಂತ ಬೇಗ ಕೆಡುವಂಥದ್ದು. ಮುಂದಿನ ಸಂಗತಿಗಳನ್ನು ಓದುವಾಗ ಒಂದನ್ನು ಗಮನಿಸಿ: ಹೆಚ್ಚುಕಡಿಮೆ ಪ್ರತಿ ದೊಡ್ಡ ಅಪಘಾತಕ್ಕೂ ಮೊದಲು ಒಂದು ಎಚ್ಚರಿಕೆ ಬಂದಿತ್ತು. ಅದು ತಲುಪಬೇಕಾದವರಿಗೆ ತಲುಪಿರಲಿಲ್ಲ.

● ಅಣು ರಿಯಾಕ್ಟರಿನ ಅವಶೇಷಗಳ ನಡುವೆ ಇಳಿದು ಕೆಲಸ ಮಾಡಿದ ಒಬ್ಬರು ಮುಂದೆ ಅಮೆರಿಕದ ಅಧ್ಯಕ್ಷರಾದರು. 1952ರ ಡಿಸೆಂಬರ್ 12ರಂದು ಕೆನಡಾದ ಚಾಕ್ ರಿವರ್‌ನಲ್ಲಿ ಎನ್‌ಆರ್‌ಎಕ್ಸ್ ರಿಯಾಕ್ಟರಿನ ಇಂಧನ ಕರಗಿತು. ಅದನ್ನು ಬಿಚ್ಚಲು ನೆರವಿಗೆ ಹೋದ ಅಮೆರಿಕ ನೌಕಾಪಡೆಯ ತಂಡದಲ್ಲಿದ್ದ ಯುವ ಅಧಿಕಾರಿ ಜಿಮ್ಮಿ ಕಾರ್ಟರ್. ವಿಕಿರಣ ಎಷ್ಟು ತೀವ್ರವಾಗಿತ್ತೆಂದರೆ ಒಬ್ಬೊಬ್ಬರಿಗೂ ಒಳಗೆ ಸಿಗುತ್ತಿದ್ದುದು ಸುಮಾರು ಒಂದೂವರೆ ನಿಮಿಷ. ಹೊರಗೆ ರಿಯಾಕ್ಟರಿನ ಮಾದರಿಯೊಂದನ್ನು ಕಟ್ಟಿಕೊಂಡು ಅಭ್ಯಾಸ ಮಾಡಿ, ಓಡಿ ಒಳಹೊಕ್ಕು, ಒಂದೆರಡು ಬೋಲ್ಟ್ ತಿರುಗಿಸಿ ಬರುವುದು. 26 ವರ್ಷಗಳ ನಂತರ ತ್ರೀ ಮೈಲ್ ಐಲ್ಯಾಂಡ್ ಸ್ಥಾವರ ಕೆಟ್ಟಾಗ ಇದೇ ಕಾರ್ಟರ್ ಅಧ್ಯಕ್ಷರಾಗಿ ಅದರ ನಿಯಂತ್ರಣ ಕೊಠಡಿಗೆ ಹೋಗಿ ನಿಂತರು.

● ಇಂಗ್ಲೆಂಡಿನ ಕಂಬ್ರಿಯಾದಲ್ಲಿ ಸುಮಾರು 500 ಚದರ ಕಿಲೋಮೀಟರ್ ಪ್ರದೇಶದ ಹಾಲನ್ನು ವಾರಗಟ್ಟಲೆ ಚೆಲ್ಲಿದ್ದರು. ಕಾರಣ, 1957ರ ಅಕ್ಟೋಬರ್ 10ರಂದು ಪತ್ತೆಯಾದ ವಿಂಡ್‌ಸ್ಕೇಲ್ ಬೆಂಕಿ. ಬಾಂಬಿಗೆ ಬೇಕಾದ ಪ್ಲುಟೋನಿಯಂ ತಯಾರಿಸುವ ರಿಯಾಕ್ಟರ್ ಅದು. ಅದರ ಗ್ರಾಫೈಟ್ ಮತ್ತು ಯುರೇನಿಯಂ ಹೊತ್ತಿಕೊಂಡಿದ್ದವು. ಉರಿಯುವ ರಿಯಾಕ್ಟರಿಗೆ ನೀರು ಹೊಯ್ದರೆ ಹೈಡ್ರೋಜನ್ ಹುಟ್ಟಿ ಇಡೀ ಕಟ್ಟಡವೇ ಸಿಡಿಯಬಹುದೆಂಬ ಭಯ ಒಂದು ಕಡೆ. ಬಿಟ್ಟರೆ ಬೆಂಕಿ ಆರುವಂತಿರಲಿಲ್ಲ. ಉಪವ್ಯವಸ್ಥಾಪಕ ಟಾಮ್ ಟೂಹಿ ರಿಯಾಕ್ಟರಿನ ನೆತ್ತಿಯ ಮೇಲೆ ಮತ್ತೆ ಮತ್ತೆ ಹತ್ತಿ ಒಳಗೆ ಇಣುಕಿ ನೋಡಿದರು. ಕೊನೆಗೆ ನೀರು ಹಾಯಿಸಿ, ಗಾಳಿ ಊದುವ ಫ್ಯಾನುಗಳನ್ನು ನಿಲ್ಲಿಸಿದ ಮೇಲೆ ಬೆಂಕಿ ಸತ್ತಿತು.

ಚಿಮಣಿಯ ತುದಿಯಲ್ಲಿ ಭಾರಿ ಶೋಧಕಗಳನ್ನು ಕೂರಿಸಬೇಕೆಂದು ಕಟ್ಟುವಾಗಲೇ ಹಟ ಹಿಡಿದವರು ನೊಬೆಲ್ ವಿಜ್ಞಾನಿ ಜಾನ್ ಕಾಕ್‌ಕ್ರಾಫ್ಟ್. ದುಡ್ಡು ದಂಡ ಎಂದು ಸಹೋದ್ಯೋಗಿಗಳು ಅವನ್ನು ‘ಕಾಕ್‌ಕ್ರಾಫ್ಟ್‌ನ ಮೂರ್ಖತನ’ ಎಂದೇ ಕರೆಯುತ್ತಿದ್ದರು. ಬೆಂಕಿಯ ದಿನ ವಿಕಿರಣಭರಿತ ದೂಳಿನ ಹೆಚ್ಚಿನ ಪಾಲನ್ನು ಹಿಡಿದು ನಿಲ್ಲಿಸಿದ್ದು ಆ ಶೋಧಕಗಳೇ.

● ವಿಂಡ್‌ಸ್ಕೇಲ್ ತನಿಖಾ ವರದಿಯನ್ನು ಪ್ರಧಾನಿ ಹೆರಾಲ್ಡ್ ಮ್ಯಾಕ್‌ಮಿಲನ್ ಪೂರ್ತಿ ಪ್ರಕಟಿಸಲು ಬಿಡಲಿಲ್ಲ. ಅಮೆರಿಕದೊಂದಿಗೆ ಅಣು ಸಹಕಾರದ ಮಾತುಕತೆ ನಡೆದಿತ್ತು, ಬ್ರಿಟನ್ ಕೈಲಾಗದ ದೇಶ ಎಂದು ಅವರಿಗೆ ಅನ್ನಿಸಬಾರದಿತ್ತು. ಇಡೀ ವರದಿ ಜನರ ಕೈಗೆ ಬಂದದ್ದು 30 ವರ್ಷಗಳ ನಿಯಮ ಮುಗಿದ ಮೇಲೆ, 1988ರಲ್ಲಿ.

● ವಿಂಡ್‌ಸ್ಕೇಲ್‌ಗೆ ಹನ್ನೊಂದು ದಿನ ಮೊದಲು, 1957ರ ಸೆಪ್ಟೆಂಬರ್ 29ರಂದು, ಸೋವಿಯತ್ ಒಕ್ಕೂಟದ ಉರಾಲ್ ಸೀಮೆಯ ಮಾಯಕ್ ಕಾರ್ಖಾನೆಯಲ್ಲಿ ಅಣುತ್ಯಾಜ್ಯದ ತೊಟ್ಟಿ ಸಿಡಿಯಿತು. ತಂಪು ಮಾಡುವ ವ್ಯವಸ್ಥೆ ಕೆಟ್ಟಿದ್ದು ಗಮನಕ್ಕೇ ಬಂದಿರಲಿಲ್ಲ. ಹಳ್ಳಿಗಳು ನಕ್ಷೆಯಿಂದ ಮಾಯವಾದವು. ದೇಶ ತೊರೆದಿದ್ದ ಜೀವವಿಜ್ಞಾನಿ ಝೋರೆಸ್ ಮೆಡ್ವೆಡೆವ್ 1976ರಲ್ಲಿ ಬರೆಯುವ ತನಕ ಹೊರಗಿನ ಸಾಮಾನ್ಯ ಓದುಗರಿಗೆ ಇದರ ಸುಳಿವಿರಲಿಲ್ಲ. ಅಮೆರಿಕದ ಸಿಐಎಗೆ ಮಾತ್ರ ಬಹಳ ಮೊದಲೇ ತಿಳಿದಿತ್ತು. ಅದೂ ಬಾಯಿ ಬಿಡಲಿಲ್ಲ. ಮಾಸ್ಕೋ ಒಪ್ಪಿಕೊಂಡದ್ದು 1989ರಲ್ಲಿ. ಶೀತಲ ಸಮರದ ಎರಡೂ ಬಣಗಳು ಒಂದೇ ಸಂಗತಿಯನ್ನು ಒಟ್ಟಿಗೆ ಮುಚ್ಚಿಟ್ಟ ಉದಾಹರಣೆ ಇದು. ಅಷ್ಟು ವರ್ಷ ತ್ಯಾಜ್ಯದ ತೊಟ್ಟಿಗಳ ಅಪಾಯದ ಬಗ್ಗೆ ಬೇರೆ ದೇಶಗಳು ಕಲಿಯಬಹುದಾಗಿದ್ದ ಪಾಠ ಕಪಾಟಿನಲ್ಲಿ ಕೊಳೆಯಿತು.

● ಕಟ್ಟಿ ಮುಗಿಸಿಯೂ ಒಂದು ದಿನವೂ ಓಡದ ಸ್ಥಾವರ ಆಸ್ಟ್ರಿಯಾದಲ್ಲಿದೆ. ಡಾನ್ಯೂಬ್ ದಂಡೆಯ ಟ್ಸ್ವೆಂಟೆನ್‌ಡಾರ್ಫ್‌ನದು. 1978ರ ನವೆಂಬರ್ 5ರ ಜನಮತಗಣನೆಯಲ್ಲಿ ಬೇಡವೆಂದವರು ಶೇ 50.47. ಇದು ತ್ರೀ ಮೈಲ್ ಐಲ್ಯಾಂಡ್‌ಗಿಂತಲೂ ಮೊದಲು, ಯಾವ ದೊಡ್ಡ ಅಪಘಾತದ ಒತ್ತಡವೂ ಇಲ್ಲದೆ, ಜನರೇ ಮಾಡಿದ ತೀರ್ಮಾನ.

● ಅಣುಸ್ಥಾವರದ ದುರಂತ ಕುರಿತ ಹಾಲಿವುಡ್ ಚಿತ್ರ ‘ದಿ ಚೈನಾ ಸಿಂಡ್ರೋಮ್’ ಬಿಡುಗಡೆಯಾದ ಹನ್ನೆರಡನೆಯ ದಿನ ಪೆನ್ಸಿಲ್ವೇನಿಯಾದ ತ್ರೀ ಮೈಲ್ ಐಲ್ಯಾಂಡ್ ಎರಡನೆಯ ಘಟಕ ನಿಜವಾಗಿಯೇ ಕೆಟ್ಟಿತು. 1979ರ ಮಾರ್ಚ್ 28, ನಸುಕಿನ ನಾಲ್ಕು ಗಂಟೆ. ಒತ್ತಡ ಇಳಿಸಲು ತೆರೆದುಕೊಂಡ ವಾಲ್ವ್ ಮತ್ತೆ ಮುಚ್ಚಿಕೊಳ್ಳಲಿಲ್ಲ. ಆದರೆ ನಿಯಂತ್ರಣ ಫಲಕದ ದೀಪ ‘ಮುಚ್ಚಿದೆ’ ಎಂದೇ ತೋರಿಸುತ್ತಿತ್ತು. ಆ ದೀಪಕ್ಕೆ ಗೊತ್ತಾಗುತ್ತಿದ್ದುದು ಮುಚ್ಚಲು ಆಜ್ಞೆ ಹೋಗಿದೆ ಎಂಬುದಷ್ಟೇ. ವಾಲ್ವ್ ನಿಜಕ್ಕೂ ಯಾವ ಸ್ಥಿತಿಯಲ್ಲಿದೆ ಎಂದು ಅಳೆಯುವ ಏರ್ಪಾಡೇ ಇರಲಿಲ್ಲ. ಮೊದಲ ಕೆಲವೇ ನಿಮಿಷಗಳಲ್ಲಿ ನೂರಕ್ಕೂ ಹೆಚ್ಚು ಎಚ್ಚರಿಕೆ ಗಂಟೆಗಳು ಮೊಳಗಿದವು. ಯಾವುದು ಮುಖ್ಯ, ಯಾವುದು ಅಲ್ಲ ಎಂದು ಹೇಳುವವರಿಲ್ಲ. ನೀರು ಹೆಚ್ಚಾಗಿದೆ ಎಂದು ತಿಳಿದ ಸಿಬ್ಬಂದಿ ತುರ್ತು ನೀರಿನ ಪಂಪುಗಳ ಹರಿವನ್ನೇ ತಗ್ಗಿಸಿದರು. ಎರಡು ಗಂಟೆಗೂ ಹೆಚ್ಚು ಹೊತ್ತು ರಿಯಾಕ್ಟರಿನ ನೀರು ಸೋರಿ ಹೋಯಿತು.

ಇಂಧನದ ಸುಮಾರು ಅರ್ಧ ಭಾಗ ಕರಗಿದೆ ಎಂದು ತಿಳಿದದ್ದು ವರ್ಷಗಳ ನಂತರ, ಒಳಗೆ ಕ್ಯಾಮೆರಾ ಇಳಿಸಿ ನೋಡಿದ ಮೇಲೆ. ಉಕ್ಕಿನ ಪಾತ್ರೆ ಒಡೆಯದೆ ನಿಂತದ್ದರಿಂದ ಹೊರಗೆ ಹೋದ ವಿಕಿರಣ ಬಹಳ ಕಡಿಮೆ. ಗರ್ಭಿಣಿಯರು ಮತ್ತು ಚಿಕ್ಕ ಮಕ್ಕಳು ಐದು ಮೈಲಿ ಆಚೆ ಹೋಗುವುದು ಒಳ್ಳೆಯದೆಂದು ರಾಜ್ಯಪಾಲರು ಸಲಹೆ ಕೊಟ್ಟರು. ಊರು ಬಿಟ್ಟವರು ಒಂದು ಲಕ್ಷಕ್ಕೂ ಹೆಚ್ಚು.

● ಅದಕ್ಕೆ ಹದಿನೆಂಟು ತಿಂಗಳು ಮೊದಲು ಇಂಥದೇ ವಾಲ್ವ್, ಇದೇ ರೀತಿ, ಓಹಾಯೊದ ಡೇವಿಸ್-ಬೆಸಿ ಸ್ಥಾವರದಲ್ಲಿ ಸಿಕ್ಕಿಕೊಂಡಿತ್ತು. ಎರಡೂ ಕಡೆಯ ರಿಯಾಕ್ಟರುಗಳನ್ನು ತಯಾರಿಸಿದ್ದು ಒಂದೇ ಕಂಪನಿ. ಅಲ್ಲಿನ ಸಿಬ್ಬಂದಿ ಸುಮಾರು ಇಪ್ಪತ್ತು ನಿಮಿಷದಲ್ಲಿ ಅದನ್ನು ಗುರುತಿಸಿದರು. ರಿಯಾಕ್ಟರ್ ಕಡಿಮೆ ಶಕ್ತಿಯಲ್ಲಿ ಓಡುತ್ತಿದ್ದುದರಿಂದ ಹಾನಿಯಾಗಲಿಲ್ಲ. ಉಳಿದ ಸ್ಥಾವರಗಳಿಗೆ ತಕ್ಷಣ ಎಚ್ಚರಿಕೆ ಕೊಡಬೇಕೆಂದು ಕಂಪನಿಯ ಎಂಜಿನಿಯರುಗಳು ಟಿಪ್ಪಣಿ ಬರೆದರು. ಟಿಪ್ಪಣಿ ಮೇಜಿನಿಂದ ಮೇಜಿಗೆ ಓಡಾಡಿತು, ತ್ರೀ ಮೈಲ್ ಐಲ್ಯಾಂಡ್ ತಲುಪಲಿಲ್ಲ. ನನ್ನ ಮಟ್ಟಿಗೆ ಅಣು ವಿದ್ಯುತ್ತಿನ ಇತಿಹಾಸದಲ್ಲಿ ಇದಕ್ಕಿಂತ ನೋವಿನ ಕಾಗದ ಇನ್ನೊಂದಿಲ್ಲ.

ತನಿಖಾ ಆಯೋಗದ ಮುಖ್ಯಸ್ಥರಾಗಿದ್ದವರು ಗಣಿತಜ್ಞ ಜಾನ್ ಕೆಮೆನಿ, ಬೇಸಿಕ್ ಕಂಪ್ಯೂಟರ್ ಭಾಷೆಯನ್ನು ರೂಪಿಸಿದ ಇಬ್ಬರಲ್ಲಿ ಒಬ್ಬರು. ಯಂತ್ರಗಳಿಗಿಂತ ಹೆಚ್ಚಾಗಿ ಮನುಷ್ಯರ ತರಬೇತಿ ಮತ್ತು ಮನೋಭಾವದಲ್ಲಿ ದೋಷವಿದೆ ಎಂದು ಆಯೋಗ ಹೇಳಿತು. ಅದೇ ವರ್ಷದ ಡಿಸೆಂಬರಿನಲ್ಲಿ ಅಮೆರಿಕದ ವಿದ್ಯುತ್ ಕಂಪನಿಗಳು ಇನ್ಪೋ ಎಂಬ ಸಂಸ್ಥೆ ಕಟ್ಟಿದವು. ಒಂದು ಸ್ಥಾವರದ ಅನುಭವವನ್ನು ಉಳಿದೆಲ್ಲ ಸ್ಥಾವರಗಳಿಗೆ ತಲುಪಿಸುವುದೇ ಅದರ ಕೆಲಸ. ಅದು ಕೊಡುವ ಅಂಕದ ಮೇಲೆ ಸ್ಥಾವರದ ವಿಮೆ ಕಂತು ಕೂಡ ಏರಿಳಿಯುತ್ತದೆ. ಕಾನೂನಿಗಿಂತ ವಿಮೆಯ ಲೆಕ್ಕ ಇಲ್ಲಿ ಹೆಚ್ಚು ಚುರುಕಾಗಿ ಕೆಲಸ ಮಾಡಿತು.

● ತ್ರೀ ಮೈಲ್ ಐಲ್ಯಾಂಡ್ ಅಪಘಾತವೇ ಅಮೆರಿಕದ ಅಣು ವಿದ್ಯುತ್ತನ್ನು ನಿಲ್ಲಿಸಿತು ಎಂದು ಎಲ್ಲರೂ ಹೇಳುತ್ತಾರೆ. ಅದು ಅರ್ಧ ಸತ್ಯ. 1973ರ ತೈಲ ಬಿಕ್ಕಟ್ಟಿನ ನಂತರ ವಿದ್ಯುತ್ ಬೇಡಿಕೆಯ ಏರಿಕೆ ಕುಗ್ಗಿತ್ತು, ಬಡ್ಡಿ ದರ ಏರಿತ್ತು, ಕಟ್ಟುವ ಖರ್ಚು ಕೈಮೀರಿತ್ತು. 1974ರ ನಂತರ ಆದೇಶ ಕೊಟ್ಟ ಒಂದು ರಿಯಾಕ್ಟರ್ ಕೂಡ ಆ ಶತಮಾನ ಮುಗಿಯುವವರೆಗೆ ಅಲ್ಲಿ ಪೂರ್ಣಗೊಳ್ಳಲಿಲ್ಲ. ಹೊಸ ರಿಯಾಕ್ಟರಿಗೆ ಮತ್ತೆ ನಿರ್ಮಾಣ ಪರವಾನಗಿ ಸಿಕ್ಕಿದ್ದು 2012ರಲ್ಲಿ, ಜಾರ್ಜಿಯಾದ ವೋಗ್ಟಲ್‌ಗೆ.

● ತ್ರೀ ಮೈಲ್ ಐಲ್ಯಾಂಡ್‌ನ ಒಂದನೆಯ ಘಟಕ 2019ರವರೆಗೂ ವಿದ್ಯುತ್ ಕೊಡುತ್ತಿತ್ತು. ಅದನ್ನು ನಿಲ್ಲಿಸಿದ್ದು ಅಗ್ಗದ ನೈಸರ್ಗಿಕ ಅನಿಲ. 2024ರಲ್ಲಿ ಮೈಕ್ರೋಸಾಫ್ಟ್ ಕಂಪನಿ ತನ್ನ ಡೇಟಾ ಕೇಂದ್ರಗಳಿಗಾಗಿ ಅದರ ವಿದ್ಯುತ್ತನ್ನು 20 ವರ್ಷ ಕೊಳ್ಳುವ ಒಪ್ಪಂದ ಮಾಡಿಕೊಂಡ ಮೇಲೆ ಘಟಕವನ್ನು ಮತ್ತೆ ತೆರೆಯುವ ಕೆಲಸ ಶುರುವಾಯಿತು.

● ನ್ಯೂಯಾರ್ಕ್ ಬಳಿಯ ಲಾಂಗ್ ಐಲ್ಯಾಂಡಿನಲ್ಲಿ ಸುಮಾರು 600 ಕೋಟಿ ಡಾಲರ್ ಸುರಿದು ಕಟ್ಟಿದ ಶೋರ್‌ಹ್ಯಾಮ್ ಸ್ಥಾವರ ವಾಣಿಜ್ಯ ಮಟ್ಟದಲ್ಲಿ ಎಂದೂ ಓಡಲಿಲ್ಲ. ಕೊನೆಗೆ ಅದು ಸರ್ಕಾರಿ ಸಂಸ್ಥೆಯ ಕೈಗೆ ಹೋದದ್ದು ಒಂದು ಡಾಲರ್ ಬೆಲೆಗೆ. ಜನರನ್ನು ತೆರವು ಮಾಡುವ ಯೋಜನೆ ಕಡ್ಡಾಯ ಎಂದು ತ್ರೀ ಮೈಲ್ ಐಲ್ಯಾಂಡ್ ನಂತರ ನಿಯಮ ಬಂದಿತ್ತು. ಉದ್ದನೆಯ ದ್ವೀಪದಿಂದ ರಸ್ತೆಯಲ್ಲಿ ಹೊರಬೀಳಲು ನ್ಯೂಯಾರ್ಕ್ ನಗರದ ಕಡೆಗೆ ಹೋಗದೆ ದಾರಿಯಿಲ್ಲ. ಇಷ್ಟು ಜನರನ್ನು ಸಾಗಿಸಲಾಗದು ಎಂದು ಸ್ಥಳೀಯ ಆಡಳಿತ ಸಹಿ ಹಾಕಲಿಲ್ಲ.

● ಫಿಲಿಪ್ಪೀನ್ಸ್‌ನ ಬಾಟಾನ್ ಸ್ಥಾವರಕ್ಕೆ ಇಂಧನವನ್ನೇ ತುಂಬಲಿಲ್ಲ. ಅಧ್ಯಕ್ಷ ಮಾರ್ಕೋಸ್ ಕಟ್ಟಿಸಿದ್ದನ್ನು ಚೆರ್ನೋಬಿಲ್ ವರ್ಷವಾದ 1986ರಲ್ಲಿ ಕೊರಾಜಾನ್ ಅಕಿನೊ ಸರ್ಕಾರ ಕೈಬಿಟ್ಟಿತು. 200 ಕೋಟಿ ಡಾಲರಿಗೂ ಮೀರಿದ ಖರ್ಚಿನ ಸಾಲ ತೀರಿದ್ದು 2007ರಲ್ಲಿ. ಒಂದು ಯೂನಿಟ್ ವಿದ್ಯುತ್ ಬಳಸದೆ ಒಂದು ತಲೆಮಾರು ಕಂತು ಕಟ್ಟಿತು.

● ಸ್ವೀಡನ್ನಿನಲ್ಲಿ 1980ರ ಮಾರ್ಚಿನಲ್ಲಿ ಜನಮತಗಣನೆ ನಡೆಯಿತು. 2010ರೊಳಗೆ ಎಲ್ಲ ರಿಯಾಕ್ಟರುಗಳನ್ನು ಮುಚ್ಚುವುದೆಂದು ಅಲ್ಲಿನ ಸಂಸತ್ತು ತೀರ್ಮಾನಿಸಿತು. 2010 ಬಂತು; ಅದೇ ವರ್ಷ ಸಂಸತ್ತು ಹಳೆಯ ರಿಯಾಕ್ಟರುಗಳ ಜಾಗದಲ್ಲಿ ಹೊಸದನ್ನು ಕಟ್ಟಲು ಅನುಮತಿ ಕೊಟ್ಟಿತು. ಈ ನಡುವೆ ಮುಚ್ಚಿದ್ದು ಬಾರ್ಸೆಬೆಕ್ ಸ್ಥಾವರದ ಎರಡು ಘಟಕಗಳನ್ನು ಮಾತ್ರ. ಅದು ಡೆನ್ಮಾರ್ಕ್ ರಾಜಧಾನಿ ಕೋಪನ್‌ಹೇಗನ್‌ನಿಂದ ಕಾಣುವಷ್ಟು ಹತ್ತಿರದಲ್ಲಿತ್ತು, ಡೆನ್ಮಾರ್ಕ್ ಬಿಡದೆ ದೂರುತ್ತಿತ್ತು.

● ಚೆರ್ನೋಬಿಲ್ ಸ್ಫೋಟವನ್ನು ಜಗತ್ತಿಗೆ ತಿಳಿಸಿದ್ದು ಸ್ವೀಡನ್ನಿನ ಫೋರ್ಸ್‌ಮಾರ್ಕ್ ಸ್ಥಾವರ, ಸುಮಾರು 1,100 ಕಿಲೋಮೀಟರ್ ದೂರದಿಂದ. 1986ರ ಏಪ್ರಿಲ್ 28ರ ಬೆಳಿಗ್ಗೆ ನೌಕರರೊಬ್ಬರ ಬೂಟಿನಲ್ಲಿ ವಿಕಿರಣ ಕಂಡು ಎಚ್ಚರಿಕೆ ಗಂಟೆ ಬಡಿದುಕೊಂಡಿತು. ತಮ್ಮ ಸ್ಥಾವರವೇ ಸೋರುತ್ತಿದೆ ಎಂದುಕೊಂಡು ಮೊದಲು ಅಲ್ಲೇ ಹುಡುಕಿದರು. ಗಾಳಿಯ ದಿಕ್ಕು ನೋಡಿದ ಮೇಲೆ ಬೆರಳು ಸೋವಿಯತ್ ಕಡೆ ತಿರುಗಿತು. ಮಾಸ್ಕೋ ಟೆಲಿವಿಷನ್ ಅಂದು ರಾತ್ರಿ ಕೆಲವೇ ಸೆಕೆಂಡುಗಳ ಸುದ್ದಿ ಓದಿತು. ನಾಲ್ಕನೆಯ ಘಟಕ ಸಿಡಿದು ಆಗಲೇ ಎರಡೂವರೆ ದಿನ ದಾಟಿತ್ತು.

● ಚೆರ್ನೋಬಿಲ್‌ಗೂ ಪೂರ್ವಸೂಚನೆ ಇತ್ತು, ಅದೂ ಎರಡು ಬಾರಿ. 1975ರಲ್ಲಿ ಲೆನಿನ್‌ಗ್ರಾಡ್ ಸ್ಥಾವರದ ಇದೇ ಮಾದರಿಯ ರಿಯಾಕ್ಟರಿನಲ್ಲಿ ಇಂಧನ ಭಾಗಶಃ ಕರಗಿತ್ತು. 1983ರಲ್ಲಿ ಲಿಥುವೇನಿಯಾದ ಇಗ್ನಾಲಿನಾ ಸ್ಥಾವರವನ್ನು ಚಾಲೂ ಮಾಡುವಾಗ ಇನ್ನೂ ಭಯಂಕರವಾದುದು ಗೊತ್ತಾಯಿತು. ರಿಯಾಕ್ಟರನ್ನು ನಿಲ್ಲಿಸಲೆಂದು ಇಳಿಸುವ ನಿಯಂತ್ರಣ ಸರಳುಗಳ ತುದಿಯಲ್ಲಿ ಗ್ರಾಫೈಟ್ ಇದ್ದುದರಿಂದ, ಇಳಿಯತೊಡಗಿದ ಮೊದಲ ಕ್ಷಣಗಳಲ್ಲಿ ಅವು ಶಕ್ತಿಯನ್ನು ಹೆಚ್ಚಿಸುತ್ತಿದ್ದವು. ವಿನ್ಯಾಸಕಾರರಿಗೆ ಇದು ತಿಳಿದಿತ್ತು. ಏಪ್ರಿಲ್ 26ರ ಬೆಳಗಿನ ಜಾವ 1.23ಕ್ಕೆ ರಿಯಾಕ್ಟರ್ ನಿಲ್ಲಿಸಲು ಎಝಡ್-5 ಗುಂಡಿ ಒತ್ತಿದವರಿಗೆ ತಿಳಿದಿರಲಿಲ್ಲ. ತಪ್ಪೆಲ್ಲ ಸಿಬ್ಬಂದಿಯದೇ ಎಂದು ಆ ವರ್ಷ ವಿಯೆನ್ನಾದಲ್ಲಿ ಹೇಳಲಾಯಿತು. ಅಂತರರಾಷ್ಟ್ರೀಯ ಪರಿಣತರ ತಂಡವೊಂದು 1992ರಲ್ಲಿ ಆ ಮಾತನ್ನು ತಿದ್ದಿ, ವಿನ್ಯಾಸದ ದೋಷವನ್ನು ಮುಂದಕ್ಕೆ ತಂದಿತು. ಅಷ್ಟರಲ್ಲಿ ಆ ರಾತ್ರಿಯ ಪಾಳಿಯಲ್ಲಿದ್ದ ಹಲವರು ತೀರಿಕೊಂಡಿದ್ದರು.

● ಸ್ಫೋಟದ ನಂತರದ ವಾರಗಳಲ್ಲಿ ಮಕ್ಕಳಿಗೆ ದೊಡ್ಡ ಶತ್ರುವಾಗಿದ್ದುದು ಹಾಲು. ವಿಕಿರಣಶೀಲ ಅಯೋಡಿನ್-131 ಹುಲ್ಲಿನ ಮೇಲೆ ಬೀಳುತ್ತದೆ, ಹಸು ಮೇಯುತ್ತದೆ, ಹಾಲಿಗೆ ಬರುತ್ತದೆ, ಮಗುವಿನ ಥೈರಾಯ್ಡ್ ಗ್ರಂಥಿಯಲ್ಲಿ ಕೂರುತ್ತದೆ. ಎಂಟು ದಿನಕ್ಕೊಮ್ಮೆ ಅರ್ಧಕ್ಕರ್ಧ ಇಳಿಯುವ ವಸ್ತು ಇದು. ಕೆಲವು ವಾರ ಹಾಲು ಬಿಟ್ಟರೆ ಅಪಾಯ ಬಹಳಷ್ಟು ತಪ್ಪುತ್ತದೆ. 1957ರಲ್ಲಿ ಕಂಬ್ರಿಯಾದ ಹಾಲು ಚೆಲ್ಲಿದ್ದು ಇದಕ್ಕೇ. ಬೆಲಾರುಸ್, ಉಕ್ರೇನ್, ರಷ್ಯಾದ ಎಷ್ಟೋ ಹಳ್ಳಿಗಳಿಗೆ ಈ ಸರಳ ಮಾತು ಸಕಾಲದಲ್ಲಿ ಹೋಗಲಿಲ್ಲ. ಆಗ ಮಕ್ಕಳು, ಹದಿಹರೆಯದವರು ಆಗಿದ್ದವರಲ್ಲಿ 2005ರ ಹೊತ್ತಿಗೆ 6,000ಕ್ಕೂ ಹೆಚ್ಚು ಥೈರಾಯ್ಡ್ ಕ್ಯಾನ್ಸರ್ ಪತ್ತೆಯಾಗಿದ್ದವು, ಅವುಗಳಲ್ಲಿ ದೊಡ್ಡ ಪಾಲಿಗೆ ಈ ಹಾಲೇ ಕಾರಣ ಎಂದು ವಿಶ್ವಸಂಸ್ಥೆಯ ವಿಜ್ಞಾನ ಸಮಿತಿ ಹೇಳುತ್ತದೆ. ಹಾಲು ನಿಲ್ಲಿಸಲು ರೇಡಿಯೊದಲ್ಲಿ ಒಂದು ಪ್ರಕಟಣೆ ಸಾಕಿತ್ತು.

ಪೋಲೆಂಡ್ ಬೇರೆ ದಾರಿ ಹಿಡಿಯಿತು. ಮಾಸ್ಕೋ ಏನೂ ಹೇಳದಿದ್ದರೂ ತನ್ನದೇ ಉಪಕರಣಗಳ ಲೆಕ್ಕ ನೋಡಿ ಏಪ್ರಿಲ್ 29ರಿಂದಲೇ ಅಯೋಡಿನ್ ದ್ರಾವಣ ಹಂಚತೊಡಗಿತು. ಕೆಲವೇ ದಿನಗಳಲ್ಲಿ ಒಂದು ಕೋಟಿಗೂ ಹೆಚ್ಚು ಮಕ್ಕಳಿಗೆ ಅದನ್ನು ಕುಡಿಸಿತ್ತು.

● ಅಪಘಾತವಾಗಿ ಸರಿಯಾಗಿ ಐದು ತಿಂಗಳಿಗೆ, 1986ರ ಸೆಪ್ಟೆಂಬರ್ 26ರಂದು, ವಿಯೆನ್ನಾದಲ್ಲಿ ಎರಡು ಒಪ್ಪಂದಗಳು ಅಂಗೀಕಾರವಾದವು. ಗಡಿ ದಾಟುವ ಅಪಾಯವಿದ್ದರೆ ಕೂಡಲೇ ತಿಳಿಸಬೇಕೆನ್ನುವುದು ಒಂದು, ನೆರವಿಗೆ ಬರಬೇಕೆನ್ನುವುದು ಇನ್ನೊಂದು. ಅಂತರರಾಷ್ಟ್ರೀಯ ಒಪ್ಪಂದಗಳು ವರ್ಷಗಟ್ಟಲೆ ಎಳೆಯುವುದೇ ವಾಡಿಕೆ. ಮೊದಲನೆಯದು ಅಕ್ಟೋಬರ್ ಕೊನೆಯ ಹೊತ್ತಿಗೆ ಜಾರಿಗೂ ಬಂತು. ಜಗತ್ತಿನ ಸ್ಥಾವರ ನಡೆಸುವವರೆಲ್ಲ ಸೇರಿದ ವಾನೊ ಸಂಘ 1989ರಲ್ಲಿ ಹುಟ್ಟಿದ್ದು ಮಾಸ್ಕೋದಲ್ಲಿ. ಅಪಘಾತಗಳಿಗೆ 1ರಿಂದ 7ರವರೆಗೆ ಅಂಕ ಕೊಡುವ ಪದ್ಧತಿ 1990ರದು. ಇಲ್ಲಿಯವರೆಗೆ 7 ಪಡೆದವು ಚೆರ್ನೋಬಿಲ್ ಮತ್ತು ಫುಕುಶಿಮಾ ಎರಡೇ. ರಿಯಾಕ್ಟರುಗಳು ಬಂದವು, ಹೋದವು. ಈ ಅಪಘಾತಗಳು ಬಿಟ್ಟುಹೋದ ಶಾಶ್ವತ ನೀತಿ ಎಂದರೆ ಸುದ್ದಿ ಹಂಚಿಕೊಳ್ಳುವ ಈ ಏರ್ಪಾಡುಗಳೇ ಎಂದು ನಾನು ನಂಬುತ್ತೇನೆ.

● ಚೆರ್ನೋಬಿಲ್‌ನಿಂದ ಹಾನಿಯಾದ ಹೊರದೇಶದ ಯಾವ ರೈತನಿಗೂ ಸೋವಿಯತ್ ಒಕ್ಕೂಟ ಪರಿಹಾರ ಕೊಡಲಿಲ್ಲ. ಅಣು ಹಾನಿಯ ಹೊಣೆ ಕುರಿತ ಪ್ಯಾರಿಸ್ ಮತ್ತು ವಿಯೆನ್ನಾ ಒಪ್ಪಂದಗಳೆರಡರಲ್ಲೂ ಅದು ಸೇರಿರಲಿಲ್ಲ. ಬ್ರಿಟನ್ನಿನ ವೇಲ್ಸ್ ಬೆಟ್ಟಗಳ ಕುರಿ ಮಾರಾಟದ ಮೇಲೆ 1986ರಲ್ಲಿ ಹೇರಿದ ನಿರ್ಬಂಧ ಪೂರ್ತಿ ತೆರವಾದದ್ದು 2012ರಲ್ಲಿ.

● ಚೆರ್ನೋಬಿಲ್‌ನ ಉಳಿದ ಮೂರು ಘಟಕಗಳು ಅಪಘಾತದ ನಂತರವೂ ಓಡಿದವು! ಕೊನೆಯದನ್ನು ನಿಲ್ಲಿಸಿದ್ದು 2000ದ ಡಿಸೆಂಬರ್ 15ರಂದು. ಸ್ವತಂತ್ರ ಉಕ್ರೇನ್ ಹೊಸ ಸ್ಥಾವರಗಳಿಗೆ ಹಾಕಿದ್ದ ತಡೆಯನ್ನು 1993ರಲ್ಲೇ ತೆಗೆಯಿತು. ರಷ್ಯಾದ ಅನಿಲಕ್ಕೆ ಕೊಡಲು ಹಣವಿರಲಿಲ್ಲ, ಚಳಿಗಾಲ ಕಾಯುವುದಿಲ್ಲ. ಅತಿ ಹೆಚ್ಚು ವಿಕಿರಣ ಬಿದ್ದ ಬೆಲಾರುಸ್ ಕೂಡ ರಷ್ಯಾದ ನೆರವಿನಿಂದ ಸ್ಥಾವರ ಕಟ್ಟಿ, 2020ರಲ್ಲಿ ವಿದ್ಯುತ್ ಪಡೆಯತೊಡಗಿತು.

● ಇಟಲಿ ಹಾಗಲ್ಲ. 1987ರ ಜನಮತಗಣನೆಯ ನಂತರ ಅದು ತನ್ನ ಎಲ್ಲ ಸ್ಥಾವರಗಳನ್ನು 1990ರ ಹೊತ್ತಿಗೆ ಮುಚ್ಚಿತು. ಮತ್ತೆ ತೆರೆಯುವ ಪ್ರಯತ್ನವನ್ನು 2011ರ ಜೂನ್‌ನಲ್ಲಿ ಶೇ 94 ಮತದಾರರು ತಳ್ಳಿಹಾಕಿದರು. ಆದರೆ ನೆರೆಯ ಫ್ರಾನ್ಸ್‌ನ ಅಣುಸ್ಥಾವರಗಳ ವಿದ್ಯುತ್ತನ್ನು ಇಟಲಿ ಇಷ್ಟೂ ವರ್ಷ ಕೊಳ್ಳುತ್ತಲೇ ಬಂದಿದೆ.

● 2011ರ ಮಾರ್ಚ್ 11ರ ಬೆಳಿಗ್ಗೆ ಜಪಾನಿನ ಸಚಿವ ಸಂಪುಟ ಸೌರ, ಪವನ ವಿದ್ಯುತ್ತಿಗೆ ನಿಗದಿತ ಬೆಲೆ ಕೊಡುವ ಮಸೂದೆಗೆ ಒಪ್ಪಿಗೆ ಕೊಟ್ಟಿತ್ತು. ಮಧ್ಯಾಹ್ನ ಭೂಕಂಪವಾಯಿತು. ಫುಕುಶಿಮಾ ದಾಯಿಚಿಯಲ್ಲಿ ಓಡುತ್ತಿದ್ದ ಮೂರೂ ರಿಯಾಕ್ಟರುಗಳು ನಡುಕಕ್ಕೆ ಸರಿಯಾಗಿಯೇ ನಿಂತವು. ಆದರೆ ನಿಂತ ರಿಯಾಕ್ಟರ್ ತಣ್ಣಗಾಗುವುದಿಲ್ಲ; ಒಳಗಿನ ಇಂಧನ ದಿನಗಟ್ಟಲೆ ಕಾಯುತ್ತಲೇ ಇರುತ್ತದೆ, ನೀರು ತಿರುಗುತ್ತಿರಬೇಕು, ನೀರಿಗೆ ಪಂಪು, ಪಂಪಿಗೆ ಕರೆಂಟು. ಸುಮಾರು 14 ಮೀಟರ್ ಎತ್ತರದ ಸುನಾಮಿ ನೆಲಮಾಳಿಗೆಯ ಜನರೇಟರುಗಳನ್ನು ಮುಳುಗಿಸಿತು. ಮೀಟರ್ ಓದಲು ಸಿಬ್ಬಂದಿ ತಮ್ಮ ಕಾರುಗಳ ಬ್ಯಾಟರಿ ಬಿಚ್ಚಿ ತಂದರು. ಐದು ಮತ್ತು ಆರನೆಯ ಘಟಕಗಳನ್ನು ಉಳಿಸಿದ್ದು ಒಂದೇ ಒಂದು ಜನರೇಟರ್. ಅದು ಎತ್ತರದ ಜಾಗದಲ್ಲಿತ್ತು, ಗಾಳಿಯಿಂದ ತಂಪಾಗುವಂಥದಾಗಿತ್ತು.

● ಅಷ್ಟು ಎತ್ತರದ ಅಲೆ ಬರಬಹುದೆಂದು ಸ್ಥಾವರದ ಮಾಲೀಕ ಕಂಪನಿ ಟೆಪ್ಕೊ 2008ರಲ್ಲೇ ಲೆಕ್ಕ ಹಾಕಿತ್ತು: 15.7 ಮೀಟರ್. ಗೋಡೆ ಏರಿಸಲಿಲ್ಲ. ಲೆಕ್ಕವನ್ನು ನಿಯಂತ್ರಣ ಸಂಸ್ಥೆಯ ಮುಂದಿಟ್ಟದ್ದು 2011ರ ಮಾರ್ಚ್ 7ರಂದು, ಸುನಾಮಿಗೆ ನಾಲ್ಕು ದಿನ ಮೊದಲು. ಸಂಸತ್ತು ನೇಮಿಸಿದ ಕುರೊಕಾವಾ ಆಯೋಗ ಇದು ಮಾನವನಿರ್ಮಿತ ದುರಂತ ಎಂದು ಬರೆಯಿತು. ಹಾಗೆ ಬರೆಯಲು ಬೇಕಾದ ಧೈರ್ಯವನ್ನು ನಾನು ಗೌರವಿಸುತ್ತೇನೆ.

ಭೂಕಂಪದ ಕೇಂದ್ರಕ್ಕೆ ಇನ್ನೂ ಹತ್ತಿರವಿದ್ದ ಒನಗಾವಾ ಸ್ಥಾವರಕ್ಕೆ ದೊಡ್ಡ ಹಾನಿಯೇನೂ ಆಗಲಿಲ್ಲ ಎಂಬುದನ್ನೂ ಇದರ ಜೊತೆಗೇ ಹೇಳಬೇಕು. ತೊಹೊಕು ಎಲೆಕ್ಟ್ರಿಕ್ ಕಂಪನಿಯ ಎಂಜಿನಿಯರ್ ಯಾನೊಸುಕೆ ಹಿರಾಯಿ, ಕ್ರಿ.ಶ. 869ರ ಜೋಗನ್ ಸುನಾಮಿಯ ನೆನಪನ್ನು ಮುಂದಿಟ್ಟು, ಸ್ಥಾವರವನ್ನು ಸಮುದ್ರಮಟ್ಟದಿಂದ ಸುಮಾರು 14.8 ಮೀಟರ್ ಎತ್ತರದಲ್ಲೇ ಕಟ್ಟಬೇಕೆಂದು ಪಟ್ಟು ಹಿಡಿದಿದ್ದರು. ಅಲೆ ಅಷ್ಟು ಎತ್ತರ ಏರಲಿಲ್ಲ. ಮನೆ ಕಳೆದುಕೊಂಡ ಮುನ್ನೂರಕ್ಕೂ ಹೆಚ್ಚು ಗ್ರಾಮಸ್ಥರು ಆ ಅಣುಸ್ಥಾವರದ ವ್ಯಾಯಾಮಶಾಲೆಯಲ್ಲೇ ಆಶ್ರಯ ಪಡೆದರು.

● ಫುಕುಶಿಮಾದಲ್ಲಿ ಜನರನ್ನು ಹೆಚ್ಚು ಕೊಂದದ್ದು ತೆರವು. ಒಂದೂವರೆ ಲಕ್ಷಕ್ಕೂ ಹೆಚ್ಚು ಜನ ಮನೆ ಬಿಟ್ಟರು. ಆಸ್ಪತ್ರೆ, ವೃದ್ಧಾಶ್ರಮಗಳಿಂದ ಹೊರಟ ವಯಸ್ಸಾದವರು ಬಸ್ಸಿನಲ್ಲಿ, ಶಿಬಿರಗಳಲ್ಲಿ ಪ್ರಾಣ ಬಿಟ್ಟರು. ದುರಂತ ಸಂಬಂಧಿ ಸಾವು ಎಂದು ಆ ಪ್ರಾಂತ ಗುರುತಿಸಿದ್ದು 2,300ಕ್ಕೂ ಹೆಚ್ಚು. ಯಾರನ್ನು ಯಾವಾಗ ಸ್ಥಳಾಂತರಿಸಬೇಕು, ಯಾರನ್ನು ಇದ್ದಲ್ಲೇ ಕಾಪಾಡಬೇಕು ಎಂಬ ಪ್ರಶ್ನೆ ಅಲ್ಲಿಂದ ಎಲ್ಲ ದೇಶಗಳ ತುರ್ತು ಯೋಜನೆಗಳಿಗೂ ಬಂದಿದೆ.

● ಟೋಕಿಯೊ ಕತ್ತಲಾದಾಗ ಒಸಾಕಾ ನೆರವಾಗಲಿಲ್ಲವೇಕೆ? ಪೂರ್ವ ಜಪಾನಿನ ವಿದ್ಯುತ್ 50 ಹರ್ಟ್ಸ್, ಪಶ್ಚಿಮದ್ದು 60. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಟೋಕಿಯೊ ಜರ್ಮನ್ ಜನರೇಟರ್ ಕೊಂಡಿತು, ಒಸಾಕಾ ಅಮೆರಿಕದ್ದನ್ನು. 2011ರಲ್ಲಿ ಎರಡರ ನಡುವೆ ಪರಿವರ್ತಿಸಿ ಸಾಗಿಸಬಹುದಾಗಿದ್ದುದು ಸುಮಾರು 1,000 ಮೆಗಾವಾಟ್ ಅಷ್ಟೇ. ಆ ಸಾಮರ್ಥ್ಯವನ್ನು ನಂತರ ಎರಡು ಪಟ್ಟಿಗೂ ಹೆಚ್ಚು ಮಾಡಿದರು.

● ಅಪಘಾತಕ್ಕೆ ಮೊದಲು 54 ರಿಯಾಕ್ಟರುಗಳಿಂದ ಸುಮಾರು ಶೇ 30ರಷ್ಟು ವಿದ್ಯುತ್ ಪಡೆಯುತ್ತಿದ್ದ ಜಪಾನ್, 2012ರ ಮೇ 5ರಂದು ಕೊನೆಯ ರಿಯಾಕ್ಟರನ್ನೂ ನಿಲ್ಲಿಸಿತು. ಬದಲಿಗೆ ದ್ರವೀಕೃತ ಅನಿಲವನ್ನು ಹಡಗುಗಟ್ಟಲೆ ತರಿಸಿತು. 2011ರಲ್ಲಿ ಅದರ ವಿದೇಶ ವ್ಯಾಪಾರ 31 ವರ್ಷಗಳಲ್ಲಿ ಮೊದಲ ಬಾರಿ ಕೊರತೆ ಕಂಡಿತು. ಹೊಸ ನಿಯಮಗಳಡಿ ಮೊದಲ ರಿಯಾಕ್ಟರ್ ಮತ್ತೆ ಓಡಿದ್ದು 2015ರ ಆಗಸ್ಟ್‌ನಲ್ಲಿ, ಸೆಂದಾಯಿಯಲ್ಲಿ. ಭೂಕಂಪದ ದಿನ ಬೆಳಿಗ್ಗೆ ಸಂಪುಟ ಒಪ್ಪಿದ್ದ ಸೌರ, ಪವನ ವಿದ್ಯುತ್ತಿನ ಆ ಮಸೂದೆ? ಅದು ಪಾಸಾಗದೆ ರಾಜೀನಾಮೆ ಕೊಡುವುದಿಲ್ಲ ಎಂದು ಪ್ರಧಾನಿ ನವೊಟೊ ಕಾನ್ ಪಟ್ಟು ಹಿಡಿದರು. 2012ರ ಜುಲೈನಲ್ಲಿ ಜಾರಿಗೆ ಬಂದು ಜಪಾನಿನ ಸೌರ ವಿದ್ಯುತ್ತಿಗೆ ದೊಡ್ಡ ನೂಕು ಕೊಟ್ಟಿತು.

● ಜರ್ಮನಿಯ ಚಾನ್ಸಲರ್ ಆಗಿದ್ದ ಏಂಜೆಲಾ ಮರ್ಕೆಲ್ ಭೌತವಿಜ್ಞಾನ ಓದಿ, ಕ್ವಾಂಟಮ್ ರಸಾಯನವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದವರು. 2010ರ ಶರತ್ಕಾಲದಲ್ಲಿ ರಿಯಾಕ್ಟರುಗಳ ಆಯುಷ್ಯ ಹೆಚ್ಚಿಸಿದವರೂ ಅವರೇ. ಫುಕುಶಿಮಾ ನಡೆದ ಕೆಲವೇ ದಿನಗಳಲ್ಲಿ ಹಳೆಯ ರಿಯಾಕ್ಟರುಗಳನ್ನು ನಿಲ್ಲಿಸಿದರು. ಧರ್ಮಗುರುಗಳು, ಸಮಾಜವಿಜ್ಞಾನಿಗಳೂ ಇದ್ದ ನೈತಿಕ ಆಯೋಗವೊಂದನ್ನು ಕೂರಿಸಿದರು. ಜೂನ್ 30ರಂದು ಸಂಸತ್ತು 513–79 ಮತಗಳಿಂದ ಅಣು ವಿದ್ಯುತ್ತಿಗೆ ವಿದಾಯ ಹೇಳಿತು. ಇದರ ಬೇರು ಬಹಳ ಹಿಂದಿನದು: ಚೆರ್ನೋಬಿಲ್ ಮೋಡ ಬವೇರಿಯಾದ ಮೇಲೆ ಮಳೆಯಾದ 1986ರಲ್ಲೇ ಅಲ್ಲಿ ಪರಿಸರ ಸಚಿವಾಲಯ ಹುಟ್ಟಿತ್ತು. ಕಂಪನಿಗಳಿಗೆ ಸುಮಾರು 240 ಕೋಟಿ ಯೂರೊ ಪರಿಹಾರ ಕೊಡಬೇಕಾಯಿತು. ಕಲ್ಲಿದ್ದಲಿಗಿಂತ ಮೊದಲು ಅಣುಸ್ಥಾವರಗಳನ್ನು ಮುಚ್ಚಿದ್ದು ಸರಿಯೇ? ಹವಾಮಾನದ ದೃಷ್ಟಿಯಿಂದ ಆ ಕ್ರಮ ತಿರುವುಮುರುವಾಗಿತ್ತು ಎಂದೇ ನನ್ನ ಅಭಿಪ್ರಾಯ.

● ಫುಕುಶಿಮಾದ ವಾರದಲ್ಲೇ ಚೀನಾ ಹೊಸ ಸ್ಥಾವರಗಳ ಒಪ್ಪಿಗೆ ನಿಲ್ಲಿಸಿತು. 2012ರಲ್ಲಿ ಮತ್ತೆ ತೆರೆಯಿತು. ಇಂದು ಅಲ್ಲಿ ಓಡುವ ರಿಯಾಕ್ಟರುಗಳು ಐವತ್ತಕ್ಕೂ ಹೆಚ್ಚು. ತೈವಾನ್ ತನ್ನ ಕೊನೆಯ ರಿಯಾಕ್ಟರನ್ನು 2025ರ ಮೇ ತಿಂಗಳಲ್ಲಿ ನಿಲ್ಲಿಸಿತು. ಜಗತ್ತಿನ ಒಟ್ಟು ವಿದ್ಯುತ್ತಿನಲ್ಲಿ ಅಣುವಿನ ಪಾಲು 1996ರಲ್ಲಿ ಶೇ 17ನ್ನು ದಾಟಿತ್ತು, ಈಗ ಶೇ 9ರ ಆಸುಪಾಸು.

● ಯುದ್ಧಕಾಲದಲ್ಲಿ ಸೇನೆಯೊಂದು ಅಣುಸ್ಥಾವರವನ್ನೇ ವಶಪಡಿಸಿಕೊಂಡರೆ ಏನು ಮಾಡಬೇಕೆಂದು 1986ರ ಒಪ್ಪಂದಗಳು ಯೋಚಿಸಿರಲಿಲ್ಲ. ಉಕ್ರೇನಿನ ಝಪೊರಿಝಿಯಾದಲ್ಲಿ 2022ರ ಮಾರ್ಚ್ 4ರಂದು ಅದೇ ಆಯಿತು. ಆರು ರಿಯಾಕ್ಟರುಗಳ ಸ್ಥಾವರ, ಯುರೋಪಿನಲ್ಲೇ ದೊಡ್ಡದು. ಆ ವರ್ಷದ ಸೆಪ್ಟೆಂಬರಿನಿಂದ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ಪರಿಣತರು ಸರದಿಯಂತೆ ಅಲ್ಲೇ ತಂಗುತ್ತಿದ್ದಾರೆ.

● ನಮ್ಮಲ್ಲೂ ಸುನಾಮಿ ಅಣುಸ್ಥಾವರಕ್ಕೆ ನುಗ್ಗಿತ್ತು. 2004ರ ಡಿಸೆಂಬರ್ 26ರಂದು ಕಲ್ಪಾಕ್ಕಂನ ಪಂಪುಮನೆಗೆ ಸಮುದ್ರದ ನೀರು ಬಂತು. ಓಡುತ್ತಿದ್ದ ರಿಯಾಕ್ಟರನ್ನು ಸುರಕ್ಷಿತವಾಗಿ ನಿಲ್ಲಿಸಿದರು. ಅದಕ್ಕಿಂತ ಗಂಡಾಂತರದ್ದು 1993ರ ಮಾರ್ಚ್ 31ರ ನರೋರಾ ಬೆಂಕಿ. ಉತ್ತರ ಪ್ರದೇಶದ ಆ ಸ್ಥಾವರದಲ್ಲಿ ಟರ್ಬೈನಿನ ಅಲಗು ಮುರಿದು, ಹೈಡ್ರೋಜನ್ ಹೊತ್ತಿಕೊಂಡು, ಕೇಬಲ್‌ಗಳು ಸುಟ್ಟು, ಸುಮಾರು 17 ಗಂಟೆ ವಿದ್ಯುತ್ತೇ ಇರಲಿಲ್ಲ. ಸಿಬ್ಬಂದಿ ಟಾರ್ಚ್ ಹಿಡಿದು ಮೇಲೆ ಹತ್ತಿ, ಕೈಯಿಂದಲೇ ವಾಲ್ವ್ ತಿರುಗಿಸಿ ಬೋರಾನ್ ದ್ರಾವಣ ಹಾಯಿಸಿದರು. ಅಗ್ನಿಶಾಮಕಕ್ಕೆಂದು ಇಟ್ಟ ಡೀಸೆಲ್ ಪಂಪಿನ ನೀರು ರಿಯಾಕ್ಟರನ್ನು ತಂಪಾಗಿಟ್ಟಿತು. ಫುಕುಶಿಮಾಕ್ಕೆ 18 ವರ್ಷ ಮೊದಲೇ, ಕರೆಂಟು ಪೂರ್ತಿ ಹೋದರೆ ಏನಾಗುತ್ತದೆ ಎಂದು ಅನುಭವಿಸಿ ಪಾರಾದವರು ಅವರು. ಅವರ ಹೆಸರುಗಳು ನಮ್ಮ ಪಠ್ಯಪುಸ್ತಕಗಳಲ್ಲಿ ಇರಬೇಕಿತ್ತು.

● ಕೈಗಾ ಮೊದಲ ಘಟಕದ ಒಳಗುಮ್ಮಟ 1994ರ ಮೇ 13ರಂದು ಕಟ್ಟುವಾಗಲೇ ಕುಸಿಯಿತು. ಇಂಧನ ತುಂಬಿರಲಿಲ್ಲ, ಹಾಗಾಗಿ ವಿಕಿರಣದ ಪ್ರಶ್ನೆ ಬರಲಿಲ್ಲ. ಗುಮ್ಮಟದ ವಿನ್ಯಾಸವನ್ನು ಮತ್ತೆ ಮಾಡಬೇಕಾಯಿತು, ಘಟಕ ವಾಣಿಜ್ಯ ಉತ್ಪಾದನೆಗೆ ಬಂದದ್ದು 2000ದಲ್ಲಿ. ಶಿವರಾಮ ಕಾರಂತರು ಸೇರಿ ಎಷ್ಟೋ ಜನ ವಿರೋಧಿಸಿದ್ದ ಯೋಜನೆ ಅದು. ಅದೇ ಘಟಕ 2016ರ ಮೇ 13ರಂದು ಶುರುವಾಗಿ 2018ರ ಡಿಸೆಂಬರ್ 31ರವರೆಗೆ 962 ದಿನ ಎಡೆಬಿಡದೆ ಓಡಿ ಆಗಿನ ವಿಶ್ವದಾಖಲೆ ಬರೆಯಿತು. ನಂತರ ಕೆನಡಾದ ಡಾರ್ಲಿಂಗ್ಟನ್ ಅದನ್ನು ಮುರಿಯಿತು. ಈ ಎರಡು ಸಂಗತಿಗಳಲ್ಲಿ ಒಂದನ್ನು ಹೇಳಿ ಇನ್ನೊಂದನ್ನು ಮರೆಸುವವರ ಮಾತನ್ನು, ಅವರು ಯಾವ ಪಕ್ಷದವರೇ ಆಗಿರಲಿ, ನಾನು ನಂಬುವುದಿಲ್ಲ.

● ಭಾರತದಲ್ಲಿ ಅಣುಸ್ಥಾವರದ ಸುತ್ತ 16 ಕಿಲೋಮೀಟರ್ ವರ್ತುಲ ತುರ್ತು ಯೋಜನಾ ವಲಯ. ಸ್ಥಾವರದ ಬೇಲಿಯ ಆಚೆ ಜನರಿಗೆ ಸುದ್ದಿ ಮುಟ್ಟಿಸುವುದು, ಅಯೋಡಿನ್ ಮಾತ್ರೆ ಹಂಚುವುದು, ತೆರವು ಮಾಡಿಸುವುದು ಜಿಲ್ಲಾಡಳಿತದ ಹೊಣೆ. ಎಂದರೆ ಕೈಗಾದ ಮಟ್ಟಿಗೆ ಕಾರವಾರದಲ್ಲಿ ಕೂರುವ ಉತ್ತರ ಕನ್ನಡ ಜಿಲ್ಲಾಧಿಕಾರಿಯದು. ಎರಡು ವರ್ಷಕ್ಕೊಮ್ಮೆ ಇದರ ಅಣಕು ಕಾರ್ಯಾಚರಣೆ ನಡೆಸಬೇಕೆಂಬ ನಿಯಮವಿದೆ. ಆ ವಲಯದಲ್ಲಿ ನಿಮ್ಮ ಮನೆಯೋ ನೆಂಟರ ಮನೆಯೋ ಇದ್ದರೆ, ನಿಮ್ಮೂರಿಗೆ ಗೊತ್ತುಮಾಡಿರುವ ಆಶ್ರಯ ತಾಣ ಯಾವುದು, ಹೊರಡುವ ರಸ್ತೆ ಯಾವುದು ಎಂದು ಪಂಚಾಯಿತಿಯಲ್ಲಿ ಕೇಳಿ ತಿಳಿದುಕೊಳ್ಳಿ.